ಸೆಕ್ಷನ್ 8 ವೋಚರ್ ಇರುವ ಕುಟುಂಬಕ್ಕೆ ಮನೆ ಕೊಟ್ಟರೆ ಬಾಡಿಗೆ ನಿಗದಿಯಾಗುವುದು ಹೇಗೆ?

ವಿರಾಜಪೇಟೆ_ಮಳೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೊದಲ್ಲಿ ನನ್ನ ಹೆಸರಿನಲ್ಲಿ ಎರಡು ಬೆಡ್‌ರೂಮಿನ ಮನೆ ಇದೆ, ಈಗ ಖಾಲಿ. ನಾನಿರುವುದು ವಿರಾಜಪೇಟೆಯಲ್ಲಿ. ಮನೆ ಕೇಳಿಕೊಂಡು ಬಂದ ಕುಟುಂಬದ ಹತ್ತಿರ ಸೆಕ್ಷನ್ 8 ವೋಚರ್ ಇದೆ, ಅಂದರೆ ಕಡಿಮೆ ಆದಾಯದವರ ಬಾಡಿಗೆಯಲ್ಲಿ ಒಂದು ಪಾಲನ್ನು ಅಲ್ಲಿನ ಸರ್ಕಾರ ಕೊಡುವ ಯೋಜನೆಯ ಚೀಟಿ. ತಿಂಗಳಿಗೆ 1,475 ಡಾಲರ್ ಎಂದು ಅರ್ಜಿಯಲ್ಲಿ ಬರೆದು ಕೊಟ್ಟೆ. ಈ ಯೋಜನೆ ನಡೆಸುವ ಅಲ್ಲಿನ ಹೌಸಿಂಗ್ ಅಥಾರಿಟಿಯಿಂದ ಬಂದ ಉತ್ತರ: ಈ ಕುಟುಂಬಕ್ಕೆ ಇದು ಹೆಚ್ಚಾಯಿತು, 1,460ಕ್ಕೆ ಇಳಿಸಿದರೆ ಮುಂದುವರಿಯಬಹುದು.

ಅವರ ಪತ್ರದಲ್ಲಿರುವ ಅಂಕಿಗಳು: ಎರಡು ಬೆಡ್‌ರೂಮಿನ ಎಫ್‌ಎಂಆರ್ 1,400. ಪೇಮೆಂಟ್ ಸ್ಟ್ಯಾಂಡರ್ಡ್ 1,470. ಯುಟಿಲಿಟಿ ಅಲೋಯನ್ಸ್ 160. ಕಡಿತಗಳು ಕಳೆದ ಮೇಲೆ ಕುಟುಂಬದ ತಿಂಗಳ ಆದಾಯ 1,500. ಪಕ್ಕದ ಅಂಥದೇ ಮನೆ 1,550ಕ್ಕೆ ಹೋಗಿದೆ. ಹಾಗಿದ್ದರೆ ಈ 1,460 ಎಲ್ಲಿಂದ ಬಂತು? ನಮ್ಮಲ್ಲಿ ಹಾಸ್ಟೆಲಿಗೆ ಕಟ್ಟಡ ಕೊಟ್ಟರೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ಅಳೆದು ಬಾಡಿಗೆ ದೃಢೀಕರಿಸುತ್ತಾರಲ್ಲ, ಅಲ್ಲಿಯೂ ಹಾಗೆಯೇ ಸರ್ಕಾರವೇ ದರ ಹಾಕುವುದೇ? ಗೊತ್ತಿರುವವರು ದಯವಿಟ್ಟು ಲೆಕ್ಕ ಬಿಡಿಸಿ ಹೇಳಿ.

ನಾಪೋಕ್ಲು_ಲೆಕ್ಕ:

ಸರ್, 1,460 ನಿಮ್ಮ ಮನೆಯ ಬೆಲೆ ಕಟ್ಟಿ ಬಂದ ಅಂಕಿಯಲ್ಲ. ಆ ಕುಟುಂಬದ ಆದಾಯದಿಂದ ಬಂದದ್ದು. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ, ಮಿಕ್ಕಿದ್ದು ಸುಲಭ.

ಬುಡದಿಂದ ಹೇಳುತ್ತೇನೆ. ಅಲ್ಲಿನ ಕೇಂದ್ರ ವಸತಿ ಇಲಾಖೆಯನ್ನು ಹಡ್ ಎನ್ನುತ್ತಾರೆ. ಅದು ಪ್ರತಿ ವರ್ಷ ಒಂದೊಂದು ನಗರ ಪ್ರದೇಶಕ್ಕೆ, ಗ್ರಾಮೀಣ ಭಾಗದಲ್ಲಿ ಒಂದೊಂದು ಕೌಂಟಿಗೆ ಫೇರ್ ಮಾರ್ಕೆಟ್ ರೆಂಟ್, ಅಂದರೆ ನಿಮ್ಮ ಪತ್ರದಲ್ಲಿರುವ ಎಫ್‌ಎಂಆರ್, ಪ್ರಕಟಿಸುತ್ತದೆ. ಅಕ್ಟೋಬರ್ 1ರಿಂದ ಜಾರಿ. ಆ ಪ್ರದೇಶದಲ್ಲಿ ಇತ್ತೀಚೆಗೆ ಬಾಡಿಗೆಗೆ ಹೋದ, ವಾಸಕ್ಕೆ ಯೋಗ್ಯವಾದ ನೂರು ಮನೆಗಳನ್ನು ಕಡಿಮೆ ಬಾಡಿಗೆಯಿಂದ ಹೆಚ್ಚಿನದಕ್ಕೆ ಸಾಲಾಗಿ ಬರೆದರೆ ನಲವತ್ತನೆಯ ಮನೆಯ ಬಾಡಿಗೆ ಎಷ್ಟೋ ಅದು ಎಫ್‌ಎಂಆರ್. ಅಂದರೆ ಸರಾಸರಿಯೂ ಅಲ್ಲ, ನಡುಮಧ್ಯವೂ ಅಲ್ಲ, ಸ್ವಲ್ಪ ಕೆಳಗೆ. ಕರೆಂಟು, ಗ್ಯಾಸು, ನೀರಿನ ಖರ್ಚು ಅದರೊಳಗೇ ಸೇರಿದೆ. ಫೋನು, ಟಿವಿ, ಇಂಟರ್‌ನೆಟ್ ಸೇರಿಲ್ಲ. ಅನೇಕ ಮಾಲೀಕರು ಎಡವುವುದು ಇಲ್ಲಿಯೇ. ಎಫ್‌ಎಂಆರ್ 1,400 ಎಂದು ನೋಡಿ 1,400 ಬಾಡಿಗೆ ಕೈಗೆ ಬರುತ್ತದೆ ಎಂದುಕೊಳ್ಳುತ್ತಾರೆ.

ಎಫ್‌ಎಂಆರ್ ಮೇಲೆ ಸ್ಥಳೀಯ ಹೌಸಿಂಗ್ ಅಥಾರಿಟಿ ತನ್ನ ಪೇಮೆಂಟ್ ಸ್ಟ್ಯಾಂಡರ್ಡ್ ಇಡುತ್ತದೆ, ಅಂದರೆ ಸಹಾಯದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತ. ಸಾಮಾನ್ಯವಾಗಿ ಎಫ್‌ಎಂಆರ್‌ನ ಶೇ 90ರಿಂದ 110ರೊಳಗೆ ಎಲ್ಲಿ ಬೇಕಾದರೂ ಇಡಬಹುದು. ನಿಮ್ಮಲ್ಲಿ ಶೇ 105 ಇಟ್ಟಿದ್ದಾರೆ, ಹಾಗಾಗಿ 1,470. ಕೆಲವು ದೊಡ್ಡ ನಗರ ಪ್ರದೇಶಗಳಲ್ಲಿ ಇಡೀ ಊರಿಗೆ ಒಂದೇ ಎಫ್‌ಎಂಆರ್ ಬದಲು ಪಿನ್‌ಕೋಡಿನ ಹಾಗಿರುವ ಜಿಪ್‌ಕೋಡ್‌ಗೊಂದು ದರ ಇಡುವುದು ಕಡ್ಡಾಯ. 2018ರಲ್ಲಿ 24 ಪ್ರದೇಶಗಳಲ್ಲಿ ಶುರುವಾಗಿ, 2025ರ ಜನವರಿಯಿಂದ ಇನ್ನೂ 41 ಸೇರಿವೆ. ನಿಮ್ಮ ಮನೆ ಅಂಥ ಕಡೆ ಇದ್ದರೆ ನಾಲ್ಕು ಬೀದಿ ಆಚೆಯ ಮನೆಗೆ ಬೇರೆಯದೇ ಅಂಕಿ ಇರಬಹುದು.

ಈಗ ನಿಮ್ಮ ಲೆಕ್ಕ. ಕುಟುಂಬ ತನ್ನ ಮೂಲ ಪಾಲಾಗಿ ಕೊಡಬೇಕಾದದ್ದು, ಕಡಿತಗಳ ನಂತರದ ಆದಾಯದ ಶೇ 30 ಅಥವಾ ಒಟ್ಟು ಆದಾಯದ ಶೇ 10, ಯಾವುದು ಹೆಚ್ಚೋ ಅದು. ಏನೂ ಇಲ್ಲದವರಿಗೂ 50 ಡಾಲರ್‌ವರೆಗೆ ಕನಿಷ್ಠ ಮೊತ್ತ ಇಡಲು ಅಥಾರಿಟಿಗೆ ಅವಕಾಶವಿದೆ. ಇಲ್ಲಿ 1,500ರ ಶೇ 30 ಅಂದರೆ 450.

ಯುಟಿಲಿಟಿ ಅಲೋಯನ್ಸ್ ಅಂದರೆ ಕುಟುಂಬವೇ ಕಟ್ಟುವ ಕರೆಂಟು, ನೀರಿನಂಥ ಬಿಲ್ಲುಗಳಿಗೆ ಅಥಾರಿಟಿ ಹಾಕಿದ ಅಂದಾಜು. ಬಾಡಿಗೆಗೆ ಅದನ್ನು ಸೇರಿಸಿದರೆ ಒಟ್ಟು ಬಾಡಿಗೆ: 1,475 + 160 = 1,635. ಸರ್ಕಾರ ಕೊಡುವುದು ಪೇಮೆಂಟ್ ಸ್ಟ್ಯಾಂಡರ್ಡ್ ಮತ್ತು ಒಟ್ಟು ಬಾಡಿಗೆ ಎರಡರಲ್ಲಿ ಕಡಿಮೆ ಇರುವುದರಿಂದ ಕುಟುಂಬದ ಮೂಲ ಪಾಲು ಕಳೆದು ಉಳಿದದ್ದು. 1,470 − 450 = 1,020. ಮೇಲಿನ ವ್ಯತ್ಯಾಸವೆಲ್ಲ ಕುಟುಂಬದ ತಲೆಗೆ: 1,635 − 1,020 = 615.

ಇಲ್ಲಿ ಒಂದು ತಡೆ ಇದೆ. ಒಟ್ಟು ಬಾಡಿಗೆ ಪೇಮೆಂಟ್ ಸ್ಟ್ಯಾಂಡರ್ಡ್ ಮೀರಿದ್ದರೆ, ಮನೆ ಸೇರುವ ಹೊತ್ತಿಗೆ ಕುಟುಂಬದ ಪಾಲು ಆ ಆದಾಯದ ಶೇ 40 ದಾಟಬಾರದು. 1,500ರ ಶೇ 40 ಅಂದರೆ 600. ನಿಮ್ಮದು 615, ಹದಿನೈದು ಡಾಲರ್ ಹೆಚ್ಚಾಯಿತು. 1,475ರಿಂದ 15 ಕಳೆದರೆ 1,460. ಅಷ್ಟೇ.

ಶೇ 30ಕ್ಕೂ 40ಕ್ಕೂ ಇರುವ ಅಂತರ ಹತ್ತು. ಆದ್ದರಿಂದ ಕಾಗದದ ತುದಿಯಲ್ಲಿ ಹೀಗೆ ಲೆಕ್ಕ ಹಾಕಿಕೊಳ್ಳಬಹುದು: ಪೇಮೆಂಟ್ ಸ್ಟ್ಯಾಂಡರ್ಡ್, ಅದಕ್ಕೆ ಕುಟುಂಬದ ಆದಾಯದ ಹತ್ತನೇ ಒಂದು ಪಾಲು ಕೂಡಿಸಿ, ಯುಟಿಲಿಟಿ ಅಲೋಯನ್ಸ್ ಕಳೆಯಿರಿ. ನಿಮಗೆ 1,470 + 150 − 160 = 1,460. ಇದೇ ಮನೆಗೆ 800 ಡಾಲರ್ ಆದಾಯದ ಕುಟುಂಬ ಬಂದರೆ 1,470 + 80 − 160 = 1,390. ಮನೆ ಅದೇ, ಗೋಡೆ ಅದೇ, ಮಿತಿ ಮಾತ್ರ ಬೇರೆ. ಆದಾಯವೇ ಇಲ್ಲದ ಕುಟುಂಬಕ್ಕಾದರೆ ಪೇಮೆಂಟ್ ಸ್ಟ್ಯಾಂಡರ್ಡ್ ಮೀರುವ ಪ್ರಶ್ನೆಯೇ ಬರುವುದಿಲ್ಲ, 1,310ಕ್ಕೆ ನಿಲ್ಲುತ್ತದೆ.

ಇನ್ನೊಂದು. ವೋಚರ್‌ನಲ್ಲಿ ಎಷ್ಟು ಬೆಡ್‌ರೂಮ್ ಎಂದು ಬರೆದಿರುತ್ತದೆ. ವೋಚರ್‌ನ ಅಳತೆ, ಮನೆಯ ಅಳತೆ ಎರಡರಲ್ಲಿ ಚಿಕ್ಕದಕ್ಕೆ ಇರುವ ಪೇಮೆಂಟ್ ಸ್ಟ್ಯಾಂಡರ್ಡ್ ಹಿಡಿಯುತ್ತಾರೆ. ಮೂರು ಬೆಡ್‌ರೂಮಿನ ಮನೆಗೆ ಎರಡರ ವೋಚರ್ ಹಿಡಿದು ಬಂದರೆ ಎರಡರ ದರವೇ. ಜಾಹೀರಾತು ನೋಡಿ ಫೋನ್ ಮಾಡಿದವರನ್ನು ಮೊದಲು ಇದನ್ನೇ ಕೇಳಬೇಕು.

ವಿರಾಜಪೇಟೆ_ಮಳೆ:

ಬಹಳ ಉಪಕಾರವಾಯಿತು, ಈಗ ಅರ್ಥವಾಯಿತು. ಎರಡು ಅನುಮಾನ. ಉಳಿದ 15 ಡಾಲರನ್ನು ತಾವೇ ಪ್ರತ್ಯೇಕ ಕೊಡುತ್ತೇವೆ ಎಂದು ಆ ಕುಟುಂಬದವರು ಹೇಳುತ್ತಿದ್ದಾರೆ, ತೆಗೆದುಕೊಳ್ಳಬಹುದೇ? 1,460ಕ್ಕೆ ಒಪ್ಪಿಬಿಟ್ಟರೆ ಬಾಡಿಗೆ ಅಲ್ಲಿಗೆ ಪಕ್ಕಾ ಆದ ಹಾಗೆಯೇ?

ಸುಂಟಿಕೊಪ್ಪ_ಮನೆಬಾಡಿಗೆ:

ಮೊದಲನೆಯದಕ್ಕೆ: ಖಂಡಿತ ಬೇಡ. ಒಂದು ಡಾಲರ್ ಕೂಡ ಬೇಡ. ಒಪ್ಪಂದದಲ್ಲಿ ಅಥಾರಿಟಿ ಒಪ್ಪಿದ ಬಾಡಿಗೆಗಿಂತ ಹೆಚ್ಚಿಗೆ ಕೈಯಲ್ಲಿ ಪಡೆಯುವುದನ್ನು ಅಲ್ಲಿ ಸೈಡ್ ಪೇಮೆಂಟ್ ಎನ್ನುತ್ತಾರೆ, ಅದು ವಂಚನೆ. ಪಾರ್ಕಿಂಗ್‌ಗೆ, ಫ್ರಿಜ್‌ಗೆ, ಹುಲ್ಲು ಕತ್ತರಿಸುವುದಕ್ಕೆ ಎಂದು ಬೇರೆ ಹೆಸರಿಟ್ಟು, ಬೇರೆ ಚೀಟಿ ಬರೆಸಿಕೊಂಡರೂ ಅದೇ ಗತಿ. ಪಡೆದದ್ದನ್ನು ವಾಪಸ್ ಕೊಡಬೇಕು, ಒಪ್ಪಂದ ರದ್ದಾಗಬಹುದು, ಮುಂದೆ ಈ ಯೋಜನೆಗೇ ಸೇರಿಸಿಕೊಳ್ಳದಿರಬಹುದು. ಆ ಕುಟುಂಬದ ವೋಚರ್‌ಗೂ ಕುತ್ತು. ವರ್ಷಗಟ್ಟಲೆ ಸರದಿಯಲ್ಲಿ ಕಾದು ವೋಚರ್ ಪಡೆದಿರುತ್ತಾರೆ ಅವರು. ಹದಿನೈದು ಡಾಲರ್‌ಗೆ ಅದನ್ನು ಕಳೆಯುವುದು ಅನ್ಯಾಯ.

ಎರಡನೆಯದು. 1,460 ಪಕ್ಕಾ ಅಲ್ಲ. ನಾಪೋಕ್ಲು ಅವರು ಹೇಳಿದ್ದು ಕುಟುಂಬದ ಕಡೆಯ ಮಿತಿ. ನಿಮ್ಮ ಮನೆಯ ಕಡೆಯ ಮಿತಿ ಬೇರೆ ಇದೆ, ರೆಂಟ್ ರೀಸನಬಲ್‌ನೆಸ್ ಎನ್ನುತ್ತಾರೆ. ನಿಮ್ಮ ಲೋಕೋಪಯೋಗಿ ಇಲಾಖೆಯ ಹೋಲಿಕೆಗೆ ಏನಾದರೂ ಹತ್ತಿರವಿದ್ದರೆ ಅದು ಇದೇ. ಆದರೆ ಇಲ್ಲಿ ಸರ್ಕಾರಿ ದರಪಟ್ಟಿ ಇಲ್ಲ. ಸರ್ಕಾರದ ಸಹಾಯವಿಲ್ಲದ ಬಾಡಿಗೆದಾರರು ಅದೇ ಸುತ್ತಿನಲ್ಲಿ ಅಂಥದೇ ಮನೆಗೆ ಎಷ್ಟು ಕೊಡುತ್ತಿದ್ದಾರೆ ಎಂಬುದೇ ಅಳತೆಗೋಲು. ಜಾಗ, ಮನೆಯ ಸ್ಥಿತಿ, ಅಳತೆ, ಬಿಡಿಮನೆಯೋ ಅಪಾರ್ಟ್‌ಮೆಂಟೋ, ಕಟ್ಟಿದ ವರ್ಷ, ಇರುವ ಸೌಕರ್ಯ, ಮಾಲೀಕ ಮಾಡಿಕೊಡುವ ಸೇವೆ ಮತ್ತು ರಿಪೇರಿ, ಮಾಲೀಕನೇ ಕಟ್ಟುವ ಯುಟಿಲಿಟಿಗಳು, ಇಷ್ಟನ್ನೂ ನೋಡಬೇಕೆಂದು ನಿಯಮದಲ್ಲೇ ಇದೆ.

ಎರಡು ಮಿತಿಗಳಲ್ಲಿ ಕಡಿಮೆಯದೇ ನಿಮ್ಮ ಬಾಡಿಗೆ. ಹೋಲಿಕೆಯಲ್ಲಿ 1,425 ಬಂದರೆ ಕುಟುಂಬಕ್ಕೆ 1,460 ಕೊಡುವ ಶಕ್ತಿ ಇದ್ದರೂ 1,425ಕ್ಕೇ ನಿಲ್ಲುತ್ತದೆ. 1,550 ಬಂದರೂ 1,460 ದಾಟುವುದಿಲ್ಲ.

ಕುಟುಂಬದ ಆದಾಯ ನಿಮ್ಮ ಕೈಯಲ್ಲಿಲ್ಲ, ಪೇಮೆಂಟ್ ಸ್ಟ್ಯಾಂಡರ್ಡ್ ನಿಮ್ಮ ಕೈಯಲ್ಲಿಲ್ಲ. ಹೋಲಿಕೆ ಮಾತ್ರ ಅರ್ಧ ನಿಮ್ಮ ಕೈಯಲ್ಲಿದೆ. ಅಥಾರಿಟಿಯವರು ತಮ್ಮಲ್ಲಿರುವ ಪಟ್ಟಿಯಿಂದ ಮನೆಗಳನ್ನು ಆರಿಸುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಬೀದಿಯ ಮನೆ ಇಲ್ಲದೇ ಇರಬಹುದು, ಹಳೆಯ ಬಾಡಿಗೆಗಳೇ ಇರಬಹುದು. ಅಂಕಿ ಕಡಿಮೆ ಬಂತು ಅನಿಸಿದರೆ ಸುಮ್ಮನೆ ಕಡಿಮೆಯಾಯಿತು ಎಂದು ಮೇಲ್ ಬರೆದರೆ ಪ್ರಯೋಜನವಿಲ್ಲ. ಮೂರು ಮನೆಗಳ ವಿವರ ಒಂದೇ ಪುಟದಲ್ಲಿ ಕಳಿಸಿ: ವಿಳಾಸ, ಬೆಡ್‌ರೂಮ್ ಮತ್ತು ಬಾತ್‌ರೂಮ್ ಎಷ್ಟು, ಚದರಡಿ, ಕಟ್ಟಿದ ವರ್ಷ, ಯಾವ ಯುಟಿಲಿಟಿ ಯಾರದ್ದು, ಯಾವ ತಿಂಗಳು ಎಷ್ಟಕ್ಕೆ ಹೋಯಿತು. ನೀವು ಹೇಳಿದ 1,550ರ ಮನೆ ಮೊದಲನೆಯದಾಗಿರಲಿ. ಜಾಹೀರಾತಿನಲ್ಲಿ ಕೇಳಿದ ಬಾಡಿಗೆಗಿಂತ ನಿಜಕ್ಕೂ ಕರಾರಾದ ಬಾಡಿಗೆಗೆ ತೂಕ ಹೆಚ್ಚು. ಅದರ ಜೊತೆ ನಿಮ್ಮ ಮನೆಯಲ್ಲಿ ಹೊಸದಾಗಿ ಮಾಡಿಸಿದ್ದು ಏನಿದೆ ಅದರ ಫೋಟೊ. ಬಟ್ಟೆ ಒಗೆಯುವ ಯಂತ್ರಕ್ಕೆ ಕನೆಕ್ಷನ್, ಎಸಿ, ಡಿಶ್‌ವಾಷರ್, ಸ್ವಂತ ಪಾರ್ಕಿಂಗ್ ಇವೆಲ್ಲ ಹೋಲಿಕೆಯ ಕಾಲಮ್ಮುಗಳೇ, ಬರೆಯದಿದ್ದರೆ ಇಲ್ಲವೆಂದೇ ಲೆಕ್ಕ.

ಒಂದು ಎಚ್ಚರಿಕೆ. ಅದೇ ಆವರಣದಲ್ಲಿ ನಿಮ್ಮದೇ ಇನ್ನೊಂದು ಮನೆ ಇದ್ದು, ಅದನ್ನು ವೋಚರ್ ಇಲ್ಲದವರಿಗೆ ಕಡಿಮೆಗೆ ಕೊಟ್ಟಿದ್ದರೆ ಇದಕ್ಕೆ ಹೆಚ್ಚಿಗೆ ಕೇಳುವ ಹಾಗಿಲ್ಲ. ಪ್ರತಿ ತಿಂಗಳು ಸರ್ಕಾರದ ಹಣ ಸ್ವೀಕರಿಸಿದಾಗಲೆಲ್ಲ ಹಾಗೆ ಮಾಡಿಲ್ಲ ಎಂದು ನೀವು ದೃಢೀಕರಿಸಿದ ಹಾಗಾಗುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ನಮ್ಮ ಜಿಲ್ಲೆಯ ಕುಟುಂಬಗಳಿಗೆ ಸರ್ಕಾರ ಬಾಡಿಗೆ ಹಣ ಕೊಟ್ಟಿತ್ತಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಬೇಡಿ. ಅದು ಕುಟುಂಬಕ್ಕೆ ಕೊಟ್ಟ ನಿಗದಿತ ಮೊತ್ತ. ಇಲ್ಲಿ ಮಾಲೀಕನೂ ಅಥಾರಿಟಿಯೂ ನೇರ ಒಪ್ಪಂದ ಮಾಡಿಕೊಳ್ಳುತ್ತಾರೆ, ಹಣ ನೇರ ಮಾಲೀಕನ ಖಾತೆಗೆ ಬೀಳುತ್ತದೆ, ಅದಕ್ಕೇ ಇಷ್ಟು ಷರತ್ತು.

ನಾಪೋಕ್ಲು_ಲೆಕ್ಕ:

ಸುಂಟಿಕೊಪ್ಪದವರ ಮಾತಿಗೆ ಸೇರಿಸಿ ಒಂದು. 1,460 ದಾಟಲು ಕಾನೂನುಬದ್ಧ ದಾರಿ ಒಂದಿದೆ, ಯುಟಿಲಿಟಿ. ಅರ್ಜಿಯಲ್ಲಿ, ಅಂದರೆ ಟೆನೆನ್ಸಿ ಅಪ್ರೂವಲ್ ನಮೂನೆಯಲ್ಲಿ, ಮನೆ ಬಿಸಿ ಮಾಡುವುದು, ಅಡುಗೆ, ಬಿಸಿನೀರು, ಇತರ ಕರೆಂಟು, ನೀರು, ಒಳಚರಂಡಿ, ಕಸ ಒಂದೊಂದಕ್ಕೂ ಯಾರು ಕಟ್ಟುತ್ತಾರೆ ಎಂಬ ಸಾಲಿದೆ. ಒಲೆ, ಫ್ರಿಜ್ ಯಾರದ್ದು ಎಂದೂ ಇದೆ. ನೀರು ಮತ್ತು ಒಳಚರಂಡಿ ಬಿಲ್ಲನ್ನು ನೀವೇ ವಹಿಸಿಕೊಂಡು, ಅದರಿಂದ ಅಲೋಯನ್ಸ್ 160ರಿಂದ 115ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಆಗ ಮಿತಿ 1,470 + 150 − 115 = 1,505. ನೀರಿನ ಬಿಲ್ಲು ತಿಂಗಳಿಗೆ 45ರೊಳಗೆ ಬರುವುದಾದರೆ ನಷ್ಟವಿಲ್ಲ. ನಾಲ್ಕು ಜನರ ಮನೆಯಲ್ಲಿ ಒಂದು ಟಾಯ್ಲೆಟ್ ಟ್ಯಾಂಕ್ ಸೋರುತ್ತಿದ್ದರೆ ಸಾಕು, 45 ಎಲ್ಲಿಗೂ ಸಾಲದು. ಹಾಗಾಗಿ ಹಳೆಯ ಹನ್ನೆರಡು ತಿಂಗಳ ಬಿಲ್ ನೋಡದೆ ಬರೆಯಬೇಡಿ.

ಮನೆ ಬಿಸಿ ಮಾಡುವ ಗ್ಯಾಸನ್ನು ಮಾತ್ರ ವಹಿಸಿಕೊಳ್ಳಬೇಡಿ. ಅಲೋಯನ್ಸ್ ವರ್ಷದ ಸರಾಸರಿ. ಒಹಾಯೊದ ಜನವರಿ ಬಿಲ್ ಬೇರೆಯೇ ಲೆಕ್ಕ. ನಮ್ಮ ಮಡಿಕೇರಿ ಚಳಿಗೆ ಕಂಬಳಿ ಸಾಕು, ಅಲ್ಲಿ ಫರ್ನೇಸ್ ಹಗಲೂ ರಾತ್ರಿ ಓಡುತ್ತದೆ. ಅರ್ಜಿಯಲ್ಲಿ ಬರೆದದ್ದಕ್ಕೂ ಬಾಡಿಗೆ ಕರಾರಿನಲ್ಲಿ ಬರೆದದ್ದಕ್ಕೂ ಒಂದು ಸಾಲು ವ್ಯತ್ಯಾಸ ಬಂದರೂ ಕಡತ ವಾಪಸ್ ಬರುತ್ತದೆ.

ಗೋಣಿಕೊಪ್ಪ_ಸಂತೆ:

ಬಾಡಿಗೆ ಅಂಕಿಯ ಬಗ್ಗೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಆ ಅಂಕಿ ಕೈಗೆ ಬರುವುದು ಯಾವಾಗ ಎಂಬುದನ್ನು ನಾನು ಬರೆಯುತ್ತೇನೆ. ದೂರದಲ್ಲಿ ಕೂತಿರುವ ನಿಮಗೆ ಇದೇ ಮುಖ್ಯ.

ಬಾಡಿಗೆ ಒಪ್ಪಿಗೆಯಾದ ಮೇಲೆ ಇನ್‌ಸ್ಪೆಕ್ಷನ್. ಅದು ಪಾಸಾಗುವ ಮೊದಲಿನ ಒಂದು ದಿನಕ್ಕೂ ಸಾಮಾನ್ಯವಾಗಿ ಸರ್ಕಾರ ಹಣ ಕೊಡುವುದಿಲ್ಲ. ಪಾಪ, ಅರ್ಜೆಂಟಿದೆ ಎಂದು ಕುಟುಂಬಕ್ಕೆ ಬೀಗದ ಕೈ ಕೊಟ್ಟುಬಿಟ್ಟರೆ ಆ ದಿನಗಳ ಪೂರ್ತಿ ಬಾಡಿಗೆ ಅವರ ಮೇಲೆ ಬೀಳುತ್ತದೆ, ಅವರಿಗೆ ಕೊಡಲಾಗುವುದಿಲ್ಲ, ಸಂಬಂಧ ಶುರುವಿನಲ್ಲೇ ಕೆಡುತ್ತದೆ. ಕರಾರು ಶುರುವಾದ ದಿನದಿಂದ 60 ದಿನದೊಳಗೆ ಅಥಾರಿಟಿಯ ಒಪ್ಪಂದಕ್ಕೆ, ಅದನ್ನು ಹ್ಯಾಪ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ, ಎರಡೂ ಕಡೆಯ ಸಹಿ ಬೀಳಬೇಕು. 60 ದಾಟಿದರೆ ಒಪ್ಪಂದವೇ ಅಸಿಂಧು.

ಇನ್‌ಸ್ಪೆಕ್ಷನ್‌ನಲ್ಲಿ ಫೇಲಾಗುವುದು ದೊಡ್ಡ ವಿಷಯಗಳಿಗಲ್ಲ. ಸ್ಮೋಕ್ ಅಲಾರ್ಮ್‌ನಲ್ಲಿ ಬ್ಯಾಟರಿ ಇಲ್ಲ. ನಾಲ್ಕು ಮೆಟ್ಟಿಲು ಅಥವಾ ಹೆಚ್ಚಿರುವ ಕಡೆ ಹಿಡಿಗಂಬಿ ಇಲ್ಲ. ನೆಲಮಹಡಿಯ ಕಿಟಕಿಯ ಚಿಲಕ ಕೂರುವುದಿಲ್ಲ. ಸ್ವಿಚ್‌ಬೋರ್ಡಿನ ಮುಚ್ಚಳ ಒಡೆದಿದೆ. ಬಿಸಿನೀರಿನ ಟ್ಯಾಂಕಿನ ಬದಿಯಲ್ಲಿ ರಿಲೀಫ್ ವಾಲ್ವ್ ಇರುತ್ತದೆ, ಒತ್ತಡ ಹೆಚ್ಚಾದರೆ ಕುದಿಯುವ ನೀರನ್ನು ಹೊರಗೆ ಬಿಡುವುದು ಅದರ ಕೆಲಸ. ಅಲ್ಲಿಂದ ನೆಲದ ಹತ್ತಿರದವರೆಗೆ ಕೆಳಮುಖವಾಗಿ ಪೈಪ್ ಇರಬೇಕು. ಟ್ಯಾಂಕ್ ಬದಲಿಸಿದವರು ಆ ಒಂದು ತುಂಡು ಪೈಪ್ ಹಾಕದೆ ಹೋಗಿರುತ್ತಾರೆ. ಇಲ್ಲದಿದ್ದರೆ ಪಕ್ಕದಲ್ಲಿ ನಿಂತವರ ಮೈಮೇಲೆ ಬಿಸಿನೀರು ಹಾರುತ್ತದೆ. ಮನೆ 1978ಕ್ಕೆ ಮೊದಲಿನದಾಗಿದ್ದು, ಬರುವ ಕುಟುಂಬದಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಎದ್ದು ಬಂದ ಬಣ್ಣವನ್ನು ಬಿಡುವುದೇ ಇಲ್ಲ, ಏಕೆಂದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸುಮ್ಮನೆ ಉಜ್ಜಿ ಮೇಲೆ ಬಳಿಸಿದರೆ ಧೂಳು ಹರಡಿ ಇನ್ನೂ ಅಪಾಯ. ಸೀಸದ ಕೆಲಸಕ್ಕೆ ತರಬೇತಾದವರಿಂದಲೇ ಮಾಡಿಸಿ.

ಮನೆ ಕೊಟ್ಟ ಮೇಲೂ ಇನ್‌ಸ್ಪೆಕ್ಷನ್ ಇದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ನಡುವೆ ಬಾಡಿಗೆದಾರರು ದೂರು ಕೊಟ್ಟರೂ ಬರುತ್ತಾರೆ. ಜೀವಕ್ಕೆ ಅಪಾಯದ ದೋಷ ಸಿಕ್ಕರೆ 24 ಗಂಟೆ, ಉಳಿದದ್ದಕ್ಕೆ 30 ದಿನ. ಗಡುವು ದಾಟಿದರೆ ಸರ್ಕಾರದ ಪಾಲು ನಿಲ್ಲುತ್ತದೆ. ನಿಂತ ದಿನಗಳ ಹಣ ರಿಪೇರಿ ಆದ ಮೇಲೂ ಹಿಂದಿನಿಂದ ಬರುವುದಿಲ್ಲ. ಆ ಹಣವನ್ನು ಬಾಡಿಗೆದಾರರಿಂದ ಕೇಳುವಂತಿಲ್ಲ, ಅದೇ ಕಾರಣಕ್ಕೆ ಮನೆ ಬಿಡಿಸುವಂತೆಯೂ ಇಲ್ಲ.

ಈಗ ಯೋಚಿಸಿ. ಅಲ್ಲಿನ ಸಂಜೆ ಐದು ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಎರಡೂವರೆ. ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ವಿರಾಜಪೇಟೆ ಸುತ್ತಮುತ್ತ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇರುವುದಿಲ್ಲ. 24 ಗಂಟೆಯ ನೋಟಿಸ್ ನಿಮ್ಮ ಮೇಲ್‌ಗೆ ಬಂದು ಕೂತಿರುತ್ತದೆ. ಆದ್ದರಿಂದ ಅಲ್ಲೇ ಇರುವ ಪ್ರಾಪರ್ಟಿ ಮ್ಯಾನೇಜರ್ ಬೇಕೇ ಬೇಕು, ಮತ್ತು ಅಥಾರಿಟಿಯ ದಾಖಲೆಯಲ್ಲಿ ನೋಟಿಸ್ ಹೋಗುವ ವಿಳಾಸ ಅವರದ್ದಾಗಿರಬೇಕು. ಒಂದಿಷ್ಟು ಮೊತ್ತದವರೆಗೆ ನಿಮ್ಮನ್ನು ಕೇಳದೆ ರಿಪೇರಿ ಮಾಡಿಸುವ ಅಧಿಕಾರ ಬರಹದಲ್ಲೇ ಕೊಟ್ಟಿಡಿ. ಅವರ ಕಮಿಷನ್ ಕಳೆದು ಉಳಿಯುವುದೇ ನಿಮ್ಮ ನಿಜವಾದ ಬಾಡಿಗೆ. 1,460ಕ್ಕೆ ಒಪ್ಪುವ ಮೊದಲು ಆ ಲೆಕ್ಕವನ್ನೂ ಹಾಕಿ.

ಬಾಡಿಗೆ ಏರಿಸುವ ವಿಷಯ. ಕರಾರಿನ ಮೊದಲ ಅವಧಿಯಲ್ಲಿ, ಸಾಮಾನ್ಯವಾಗಿ ಒಂದು ವರ್ಷ, ಏರಿಸುವಂತಿಲ್ಲ. ಆಮೇಲೆ ಏರಿಸಬೇಕಾದರೆ ಕನಿಷ್ಠ 60 ದಿನ ಮೊದಲು ಅಥಾರಿಟಿಗೆ ಬರಹದಲ್ಲಿ ತಿಳಿಸಬೇಕು, ಅವರು ಮತ್ತೆ ಹೋಲಿಕೆ ಮಾಡುತ್ತಾರೆ. ನಮ್ಮಲ್ಲಿನ ಹಾಗೆ ಹನ್ನೊಂದು ತಿಂಗಳ ಕರಾರಿನಲ್ಲೇ ವರ್ಷಕ್ಕೆ ಇಷ್ಟು ಶೇಕಡಾ ಎಂದು ಬರೆದಿಟ್ಟುಕೊಂಡರೆ ತಾನಾಗಿ ಏರುವುದಿಲ್ಲ. ತಿಂಗಳ ಕೊನೆಯಲ್ಲಿ ನೆನಪಾಗಿ ಕಳಿಸಿದರೆ ಒಂದೆರಡು ತಿಂಗಳ ಏರಿಕೆ ಹೋಯಿತೆಂದೇ ಲೆಕ್ಕ.

ಏರಿಕೆಗೆ ಶೇ 40ರ ಆ ತಡೆ ಅನ್ವಯವಾಗುವುದಿಲ್ಲ, ಅದು ಮನೆ ಸೇರುವಾಗ ಮಾತ್ರ. ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಪೇಮೆಂಟ್ ಸ್ಟ್ಯಾಂಡರ್ಡ್ ಅಷ್ಟೇ ಇದ್ದು ನೀವು 50 ಏರಿಸಿದರೆ ಸರ್ಕಾರದ 1,020 ಹಾಗೇ ಇರುತ್ತದೆ, ಪೂರ್ತಿ 50 ಕುಟುಂಬದ ಮೇಲೆ. ಈಗ ಅವರು ನಿಮ್ಮ ಕೈಗೆ ಕೊಡುವುದು, 1,460ರಲ್ಲಿ ಸರ್ಕಾರದ 1,020 ಕಳೆದು, 440, ಅದು 490 ಆಗುತ್ತದೆ. 1,500 ಆದಾಯದವರು ಎಷ್ಟು ದಿನ ತಡೆದುಕೊಂಡಾರು? ಬಾಕಿ ಬೀಳುವುದು ಯಾವಾಗಲೂ ಈ ಪಾಲಿನಲ್ಲೇ. ಅಕ್ಟೋಬರ್‌ನ ಹೊಸ ಎಫ್‌ಎಂಆರ್ ನೋಡಿಕೊಂಡು, ಅಥಾರಿಟಿ ಪೇಮೆಂಟ್ ಸ್ಟ್ಯಾಂಡರ್ಡ್ ಪರಿಷ್ಕರಿಸಿದ ಮೇಲೆ ಏರಿಕೆ ಕೇಳುವುದು ಇಬ್ಬರಿಗೂ ಒಳ್ಳೆಯದು.

ಬಾಡಿಗೆ ಇಳಿಯುವುದೂ ಉಂಟು. ಎಫ್‌ಎಂಆರ್ ವರ್ಷದಲ್ಲಿ ಶೇ 10 ಅಥವಾ ಹೆಚ್ಚು ಕುಸಿದರೆ ಅಥಾರಿಟಿ ಮತ್ತೆ ಹೋಲಿಕೆ ಮಾಡಲೇಬೇಕು, ನಿಮ್ಮ ಬಾಡಿಗೆ ಹೆಚ್ಚೆಂದು ಕಂಡರೆ ಇಳಿಸುತ್ತಾರೆ.

ವಿರಾಜಪೇಟೆ_ಮಳೆ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಅಡ್ವಾನ್ಸ್ ಎಷ್ಟು ಪಡೆಯಬಹುದು? ಹಣ ಬರುವಾಗ ತೆರಿಗೆ ಹಿಡಿಯುತ್ತಾರೆಯೇ? ನಾನು ಅಲ್ಲಿಯ ಪ್ರಜೆಯಲ್ಲ.

ಸುಂಟಿಕೊಪ್ಪ_ಮನೆಬಾಡಿಗೆ:

ಅಡ್ವಾನ್ಸ್ ಪಡೆಯಬಹುದು, ಆದರೆ ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಮರೆತುಬಿಡಿ. ವೋಚರ್ ಇಲ್ಲದವರಿಂದ ಎಷ್ಟು ಪಡೆಯುತ್ತೀರೋ, ಆ ಊರಿನ ವಾಡಿಕೆ ಎಷ್ಟೋ ಅದಕ್ಕಿಂತ ಹೆಚ್ಚು ಪಡೆಯದಂತೆ ಅಥಾರಿಟಿ ತಡೆಯಬಹುದು. ಒಂದು ತಿಂಗಳ ಬಾಡಿಗೆ ಎಂದು ಬರೆದರೆ ತಕರಾರು ಬರುವುದು ಕಡಿಮೆ. ವೋಚರ್ ಸಾಮಾನ್ಯವಾಗಿ ಅಡ್ವಾನ್ಸನ್ನು ಭರಿಸುವುದಿಲ್ಲ, ಅದು ಕುಟುಂಬದ ಕೈಯಿಂದಲೇ ಬರಬೇಕು, ಹಾಗಾಗಿ ಎರಡು ಕಂತು ಕೇಳಿದರೆ ಬೇಡ ಎನ್ನಬೇಡಿ. ಮನೆಗೆ ಬರುವವರು ನಿಮ್ಮ ತಂದೆ ತಾಯಿ, ಮಕ್ಕಳು, ಮೊಮ್ಮಕ್ಕಳು, ಅಜ್ಜ ಅಜ್ಜಿ, ಒಡಹುಟ್ಟಿದವರು ಆಗಿರಬಾರದು ಎಂಬ ನಿಯಮವೂ ಇದೆ. ಅಂಗವಿಕಲರ ಅನುಕೂಲಕ್ಕೆ ಮಾತ್ರ ವಿನಾಯಿತಿ.

ನಾಪೋಕ್ಲು_ಲೆಕ್ಕ:

ತೆರಿಗೆ: ಅಲ್ಲಿಯ ಪ್ರಜೆಯೂ ಅಲ್ಲ, ನಿವಾಸಿಯೂ ಅಲ್ಲ ಎಂದರೆ ಸುಮ್ಮನಿದ್ದಲ್ಲಿ ಒಟ್ಟು ಬಾಡಿಗೆಯ ಮೇಲೆ ಶೇ 30 ಹಿಡಿಯುತ್ತಾರೆ, ಖರ್ಚು ಏನೂ ಕಳೆಯದೆ. ಅದನ್ನು ತಪ್ಪಿಸಲು ಬಾಡಿಗೆಯನ್ನು ಅಲ್ಲಿನ ವ್ಯವಹಾರದ ಆದಾಯವೆಂದು ಪರಿಗಣಿಸುವ ಆಯ್ಕೆ ಮಾಡಿಕೊಂಡು, ಹಣ ಕೊಡುವವರಿಗೆ ಡಬ್ಲ್ಯು-8ಇಸಿಐ ನಮೂನೆ ಕೊಡಬೇಕು. ಮನೆಮಾಲೀಕರಿಗೆಲ್ಲ ಅಥಾರಿಟಿ ಕಳಿಸುವ ಕಡತದಲ್ಲಿ ಸಾಮಾನ್ಯವಾಗಿ ಡಬ್ಲ್ಯು-9 ಇರುತ್ತದೆ, ಅದು ಅಲ್ಲಿಯವರಿಗೆ. ನೀವು ಸಹಿ ಹಾಕಬಾರದು. ಆಮೇಲೆ ಪ್ರತಿ ವರ್ಷ ಅಲ್ಲಿ ಅನಿವಾಸಿಗಳ ತೆರಿಗೆ ರಿಟರ್ನ್ ಆದ 1040-ಎನ್ಆರ್ ಸಲ್ಲಿಸಿ ರಿಪೇರಿ, ವಿಮೆ, ಪ್ರಾಪರ್ಟಿ ಟ್ಯಾಕ್ಸ್, ಮ್ಯಾನೇಜರ್ ಕಮಿಷನ್, 27.5 ವರ್ಷದ ಲೆಕ್ಕದಲ್ಲಿ ಕಟ್ಟಡದ ಸವಕಳಿ ಎಲ್ಲ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಬಹುದು.

ಭಾರತದಲ್ಲಿ ನೀವು ಸಾಮಾನ್ಯ ನಿವಾಸಿ ಆಗಿರುವುದರಿಂದ ಇಲ್ಲಿಯ ರಿಟರ್ನ್‌ನಲ್ಲೂ ಅದನ್ನು ತೋರಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಬಾಡಿಗೆ ಬರಲಿ ಬಿಡಲಿ, ಆ ಮನೆಯನ್ನು ಮತ್ತು ಅಲ್ಲಿನ ಬ್ಯಾಂಕ್ ಖಾತೆಯನ್ನು ವಿದೇಶಿ ಆಸ್ತಿಗಳ ಷೆಡ್ಯೂಲ್ ಎಫ್‌ಎಯಲ್ಲಿ ಬರೆಯಲೇಬೇಕು. ಮನೆಯನ್ನು ಬರೆಯದೆ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಎರಡೂ ದೇಶದ ರಿಟರ್ನ್ ಮಾಡಿ ಗೊತ್ತಿರುವ ಲೆಕ್ಕ ಪರಿಶೋಧಕರನ್ನು ಹ್ಯಾಪ್ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮೊದಲೇ ಹಿಡಿದುಕೊಳ್ಳಿ. ಅಲ್ಲಿನ ತೆರಿಗೆ ಗುರುತಿನ ಸಂಖ್ಯೆ ಇಲ್ಲದಿದ್ದರೆ ಅದಕ್ಕೆ ಅರ್ಜಿ ಹಾಕಿ ಕಾಯುವುದರಲ್ಲೇ ವಾರಗಳು ಕಳೆಯುತ್ತವೆ, ಮೊದಲ ತಿಂಗಳ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ.